ದಿಲ್ಲಿಯಿಂದ ತರಿಸಿದ ಹೊಸ್ತಿಲು

ನೀರು ಇಳಿದಂತೆ ಹೊಲ ಏಳುವ ಊರು ಅದು. ನವಿಲುತೀರ್ಥದ ಅಣೆಕಟ್ಟಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ದಿಬ್ಬದ ಮೇಲೆ ಬಂದು ಕುಳಿತವರು, ಸಂಕ್ರಮಣದ ಸುಮಾರಿಗೆ ಹಿನ್ನೀರು ಹಿಂದೆ ಸರಿಯತೊಡಗಿತೆಂದರೆ ತಮ್ಮ ಹಳೆಯ ಹೊಲಗಳನ್ನು ಹುಡುಕಿಕೊಂಡು ಕೆಳಗಿಳಿಯುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಆ ಭೂಮಿ ನೀರಿನದು. ಊರಿನ ಲೆಕ್ಕದಲ್ಲಿ ನೀರು ಆರು ತಿಂಗಳ ಬಾಡಿಗೆದಾರ. ಹಕ್ಕಿನ ಉತಾರ ಇಲ್ಲ, ನಕಾಶೆ ಇಲ್ಲ. ಹಳೆಯ ಊರಿನ ಗುರುತುಗಳೇ ಗಡಿಯ ಬಾಂದು: ಬನ್ನಿಗಿಡದ ಬೊಡ್ಡೆಯ ತನಕ ಒಬ್ಬರದು, ಗರಡಿಮನೆಯ ಹೊಸ್ತಿಲಗಲ್ಲಿನ ತನಕ ಇನ್ನೊಬ್ಬರದು. ಸರಿದ ನೀರಿನ ಬೆನ್ನು ಹತ್ತಿ, ಹಸಿ ಆರುವುದರೊಳಗೆ ಕಲ್ಲಂಗಡಿ, ಸೌತೆಯ ಬೀಜ ಊರಿಬಿಡಬೇಕು. ಇಪ್ಪತ್ತು ದಿನ ದಾಟಿತೋ, ಮಣ್ಣು ಬಿರಿದು ಹಪ್ಪಳವಾಗುತ್ತದೆ. ಆಮೇಲೆ ಅದು ಓತಿಕ್ಯಾತ ಅಡ್ಡಾಡುವುದಕ್ಕೆ ಮಾತ್ರ ಸರಿ.

ಎರಡು ಸಾವಿರದ ಆರನೆಯ ಇಸವಿಯಲ್ಲಿ ನೀರು ಇಳಿಯಿತು, ಹೊಸ್ತಿಲಗಲ್ಲು ಕಾಣಿಸಲಿಲ್ಲ. ಹಿಂದಿನ ಮಳೆಗಾಲದ ಮಹಾಪೂರ ಅಷ್ಟು ಹೂಳು ತಂದು ಸುರುವಿತ್ತು. ಆ ಕಲ್ಲಿನ ಈಚೆ ಅಮೋಘಸಿದ್ದಪ್ಪನ ಪಟ್ಟಿ, ಆಚೆ ಸೋಮಪ್ಪನದು. ಊರಲ್ಲಿಯೂ ಇಬ್ಬರದು ಗೋಡೆಗೆ ಗೋಡೆ ಹತ್ತಿದ ಮನೆ. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ.

"ಕಲ್ಲು ಇಲ್ಲೇ ಇತ್ತು," ಎಂದು ಸೋಮಪ್ಪ ಬಡಿಗೆ ಊರಿದ.

"ಅಲ್ಲಿ ನಿಂದರತಿದ್ದದ್ದು ನಿಮ್ಮ ಎಮ್ಮಿ, ಸೋಮಣ್ಣ. ಕಲ್ಲು ಇಲ್ಲಿತ್ತು," ಎಂದು ಅಮೋಘಸಿದ್ದಪ್ಪ ಎಂಟು ಮಾರು ಆಚೆ, ಸೋಮಪ್ಪನ ಕಡೆಗೆ ಸರಿದು ನಿಂತು ಕಾಲು ಊರಿದ. ಊರಿದ ಕಾಲು ಮೊಣಕಾಲಿನ ತನಕ ಹೂಳಿನಲ್ಲಿ ಇಳಿಯಿತು. ಎಳೆದುಕೊಂಡರೆ ಹಕ್ಕು ಬಿಟ್ಟುಕೊಟ್ಟಂತಾದೀತೆಂದು ಅವನು ಅದನ್ನು ಹಾಗೇ ಬಿಟ್ಟ. ಮುಂದಿನ ಅರ್ಧ ತಾಸಿನ ಜಗಳವನ್ನೆಲ್ಲ ಒಂದೇ ಕಾಲಿನ ಮೇಲೆ ಆಡಿದ.

"ದಾಖಲಾ ಐತೇನ್ಲೇ ಸಿದ್ದ, ನಿನ್ನ ಕಡೆ?"

"ಸದ್ಯ ಇಲ್ಲ. ತರಸ್ತೇನಿ."

"ಎಲ್ಲಿಂದ ತರಸ್ತಿ? ನೀರಿನ ತಳದಾಗ ಯಾವ ತಲಾಠಿ ಕುಂತಾನ?"

ಸುತ್ತ ಮೂವತ್ತು ಜನ ನಿಂತಿದ್ದರು. ಹಿಂದಿನ ವಾರ ಸವದತ್ತಿಯಲ್ಲಿ ಟೆಂಪೋ ಕಾಯುತ್ತ ನಿಂತಾಗ ಅಮೋಘಸಿದ್ದಪ್ಪ ಆಸಿಫನ ಕಂಪ್ಯೂಟರ್ ಅಂಗಡಿಯ ಬೋರ್ಡನ್ನು ಏಳೆಂಟು ಸಲ ಓದಿದ್ದ: 'ದೇಶದ ಯಾವುದೇ ಗ್ರಂಥಾಲಯದ ಪುಸ್ತಕ, ಲೇಖನ ಇಲ್ಲಿ ಹುಡುಕಿ ತರಿಸಿ ಕೊಡಲಾಗುವುದು.' ಅದು ಈಗ, ಕರೆಯದೆ, ಬಾಯಿಗೆ ಬಂತು.

"ದಿಲ್ಲಿಂದ," ಎಂದ.

ಮೂವತ್ತು ಜನವೂ ದಿಲ್ಲಿ ಯಾವ ದಿಕ್ಕಿಗೆ ಎಂದು ತಿರುಗಿ ನೋಡಿದರು. ಅಮೋಘಸಿದ್ದಪ್ಪ ಆ ಹೊತ್ತಿನ ಲಾಭ ಪಡೆದು ಕಾಲು ಕಿತ್ತುಕೊಂಡ. ಚಪ್ಪಲಿ ಅಲ್ಲಿಯೇ ಉಳಿಯಿತು.

ಆಸಿಫ್ ಮೊದಲು ಕ್ಯಾಸೆಟ್ ಮಾರುತ್ತಿದ್ದ. ಈಗ ಮೂರು ಕಂಪ್ಯೂಟರ್ ಇಟ್ಟುಕೊಂಡು, ಬಿ.ಎಡ್. ಓದುವವರಿಗೆ ದೂರದ ಗ್ರಂಥಾಲಯಗಳಿಂದ ಲೇಖನಗಳ ಝೆರಾಕ್ಸ್ ತರಿಸಿಕೊಡುತ್ತಿದ್ದ. ಅಮೋಘಸಿದ್ದಪ್ಪ ಹೊಸ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವನೇ ಕಂಪ್ಯೂಟರಿಗೆ ಕೈ ಮುಗಿದು ಕುಳಿತ.

"ಬರಕೋ ತಮ್ಮಾ. 'ಮಾನ್ಯರೆ, ತಮ್ಮಲ್ಲಿ ಸವಿನಯ ಪ್ರಾರ್ಥನೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಾನು ಒಬ್ಬ ಬಡ ರೈತನಿದ್ದು...'"

"ಕಾಕಾ, ಇದು ಅರ್ಜಿ ಅಲ್ರಿ. ಹುಡುಕೋ ಜಾಗಾ. ಎರಡ ಶಬ್ದ ಹೇಳ್ರಿ, ಸಾಕು."

"ಎರಡ ಶಬ್ದಕ್ಕ ದಿಲ್ಲಿಯವರು ಏನು ಕೊಡ್ತಾರೋ? ಮೊದಲ ಮರ್ಯಾದಿಲೆ ಮಾತಾಡ್ಸು."

ಆಸಿಫ್ ಮರ್ಯಾದೆಯನ್ನು ಬಿಟ್ಟು 'ಗರಡಿಮನೆ, ಹೊಸ್ತಿಲು' ಎಂದು ಹಾಕಿದ. ಕಂಪ್ಯೂಟರ್ ಬಹಳ ಹೊತ್ತು ಯೋಚಿಸಿ ಸೊನ್ನೆ ಎಂದಿತು.

"'ಸೋಮಪ್ಪ, ಕಳ್ಳ' ಅಂತ ಹಾಕಿ ನೋಡು."

ಅದಕ್ಕೂ ಸೊನ್ನೆ. "ನೋಡಿದ್ರ್ಯಾ ಕಾಕಾ, ಸೋಮಣ್ಣನ ಮ್ಯಾಲ ದಿಲ್ಲ್ಯಾಗ ಯಾರೂ ಏನೂ ಬರದಿಲ್ಲ."

"ಬರದಿರತಾರೋ. ಅಳಿಸ್ಯಾನ. ಅಂವನ ಕೈ ಅಲ್ಲಿ ಮಟಾ ಹೋಗೇತಿ ಅಂದಂಗಾತು!"

ಕಡೆಗೆ ಆಸಿಫನೇ ಮಲಪ್ರಭಾ, ಜಲಾಶಯ, ಹೂಳು ಎಂಬ ಮೂರು ಶಬ್ದಗಳನ್ನು ಇಂಗ್ಲಿಷಿನಲ್ಲಿ ಹಾಕಿದ. ಒಂದೇ ಒಂದು ಫಲ ಬಂತು. ಸಾವಿರದ ಒಂಬೈನೂರ ಎಂಬತ್ತೇಳರ ಒಂದು ಭೂಗೋಳದ ಪತ್ರಿಕೆಯಲ್ಲಿ ಪ್ರೊಫೆಸರರೊಬ್ಬರು ಬರೆದ ಲೇಖನ. ನಲವತ್ತೊಂದನೆಯ ಪುಟದಿಂದ ಐವತ್ನಾಲ್ಕರವರೆಗೆ. ಜೊತೆಗೆ ಮೂರು ನಕಾಶೆ.

"ನಕಾಶಿ!" ಎಂದು ಅಮೋಘಸಿದ್ದಪ್ಪ ಎದ್ದು ನಿಂತ. "ತರಸು!"

ಅದಕ್ಕೊಂದು ಫಾರ್ಮು ತುಂಬಬೇಕಿತ್ತು. ಸಂಸ್ಥೆ ಯಾವುದು ಎಂಬ ಮನೆಯನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ ಕೆಂಪಗೆ ಕಣ್ಣು ಬಿಡುತ್ತಿತ್ತು. ಅಮೋಘಸಿದ್ದಪ್ಪನಿಗೆ ಜನ್ಮದಲ್ಲಿ ಇದ್ದ ಸಂಸ್ಥೆ ಒಂದೇ, ಊರಿನ ಮಾರುತಿ ಭಜನಾ ಮಂಡಳಿ. ಅದನ್ನೇ ಹಾಕಿಸಿದ.

"ಹುದ್ದೆ ಕೇಳತೈತಿ, ಕಾಕಾ. ಭಜನ್ಯಾಗ ನೀವೇನು?"

"ತಾಳ ಬಡೀತೇನಿ."

"ಹಂಗ ಹಾಕ್ಲ್ಯಾ?"

"ಹುಚ್ಚದಿ ಏನೋ! ತಾಳ ಬಡಿಯೋಂಗ ನಕಾಶಿ ಕೊಡ್ತಾರ? ಅಧ್ಯಕ್ಷರು ಅಂತ ಹಾಕು."

"ಹೆಸರು?"

"ಹೆಸರು ಬ್ಯಾಡ. ಡಿ.ಸಿ. ಸಾಹೇಬ್ರಿಗೆ ಅರ್ಜಿ ಬರಿಯೋವಾಗ ಅವರ ಹೆಸರು ಬರೀತೇವೇನು? ಹುದ್ದಿ ದೊಡ್ಡದಾದ ಮ್ಯಾಲ ಹೆಸರಿನ ಹಂಗ್ಯಾಕ? ಆ ಮನ್ಯಾಗೂ ಅಧ್ಯಕ್ಷರು ಅಂತನ ಹಾಕು."

ಆಸಿಫ್ ಹಾಕಿದ. ಹದಿನೈದು ದಿನದಲ್ಲಿ ದಿಲ್ಲಿಯ ಗ್ರಂಥಾಲಯದಿಂದ ಟಪಾಲಿನ ಮೂಲಕ ಬರುತ್ತದೆ ಎಂದು ಹೇಳಿ ಕಳಿಸಿದ. ಭಜನಾ ಮಂಡಳಿಗೆ ಬೇರೊಬ್ಬ ಅಧ್ಯಕ್ಷ ಮೊದಲೇ ಇದ್ದಾನೆ ಎಂಬ ಸಣ್ಣ ಸಂಗತಿ ಟೆಂಪೋದಲ್ಲಿ ಕುಳಿತು ಮುನವಳ್ಳಿ ದಾಟುವ ತನಕ ಅಮೋಘಸಿದ್ದಪ್ಪನ ತಲೆಗೆ ಹೊಳೆಯಲಿಲ್ಲ. ಹೊಳೆದಾಗ, ದಿಲ್ಲಿಯವರು ಅಷ್ಟು ದೂರದಿಂದ ಯಾಕೆ ಚೌಕಾಸಿ ಮಾಡಿಯಾರು ಎಂದುಕೊಂಡು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ.

ಊರಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಹಿರಿಯರು ಕಟ್ಟೆಯ ಮೇಲೆ ಕುಳಿತು, ಕಾಗದ ಬರುವ ತನಕ ಆ ಎಂಟು ಮಾರಿನಲ್ಲಿ ಇಬ್ಬರೂ ಬೀಜ ಊರಕೂಡದು ಎಂದರು. ಅಲ್ಲಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ನಕಾಶೆಯಲ್ಲಿ ಇವರಿಬ್ಬರ ಬಾಂದು ಇದ್ದರೆ ಎಲ್ಲರ ಬಾಂದೂ ಇರಬೇಕಲ್ಲ? ನಾಳೆ ಬಂದ ನಕಾಶೆ ಇಂದು ಊರಿದ ಬಳ್ಳಿಯನ್ನು ಇನ್ನೊಬ್ಬನ ಪಾಲಿಗೆ ಹಾಕಿದರೆ? ಒಬ್ಬ ಬಿತ್ತನೆ ನಿಲ್ಲಿಸಿದ. ಅವನನ್ನು ನೋಡಿ ಪಕ್ಕದವನು ನಿಲ್ಲಿಸಿದ. ಮೂರು ದಿನದಲ್ಲಿ ಹಿನ್ನೀರಿನ ದಂಡೆಯುದ್ದಕ್ಕೂ ಜನ ಕೈ ಕಟ್ಟಿ ನಿಂತರು, ಮಣ್ಣು ಆರುತ್ತ ನಿಂತಿತು.

ಇತ್ತ ಅಮೋಘಸಿದ್ದಪ್ಪನ ಬೆಲೆ ಏರಿತು. ಚಹಾದ ಅಂಗಡಿಯಲ್ಲಿ ಅವನ ಕಪ್ಪಿಗೆ ಕೆನೆ ಬೀಳತೊಡಗಿತು. ಹಜಾಮ ಅರ್ಧ ಗಡ್ಡ ಹೆರೆದವನನ್ನು ಎಬ್ಬಿಸಿ ಇವನನ್ನು ಕೂಡಿಸಿದ. ಬನ್ನಿಗಿಡದ ಕಡೆಯವರು ಕತ್ತಲಾಗುವುದನ್ನು ಕಾದು ಒಂದು ಗಡಿಗೆ ಬೆಣ್ಣೆ ತಂದಿಟ್ಟು, "ನಕಾಶಿ ಬಂದ ಮ್ಯಾಲ ನಮ್ಮ ಗೆರಿ ಸ್ವಲ್ಪ ನೆನಪಿನ್ಯಾಗ ಇರಲಿ," ಎಂದು ಹೋದರು. ದಿಲ್ಲಿಯಲ್ಲಿ ಎಳೆದ ಗೆರೆಯನ್ನು ತಾನು ಹೇಗೆ ಸರಿಸಲಿ ಎಂದು ಅವನು ಕೇಳಲಿಲ್ಲ. ಬೆಣ್ಣೆ ಒಳ್ಳೆಯದಿತ್ತು.

ಒಂದು ದಿನ ಕರಿ ಕನ್ನಡಕದ ಸಾಹೇಬನೊಬ್ಬ ಆಸಿಫನ ಅಂಗಡಿಯಲ್ಲಿ ಸುದ್ದಿ ಕೇಳಿ ಮೋಟಾರ್ ಸೈಕಲ್ ಏರಿ ಬಂದ. ಯಾವ ಇಲಾಖೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವನು ಅಮೋಘಸಿದ್ದಪ್ಪನ ಹೆಗಲ ಮೇಲೆ ಕೈ ಹಾಕಿ ದನದ ಕೊಟ್ಟಿಗೆಯ ಹಿಂದೆ ಕರೆದೊಯ್ದ.

"ನೋಡ್ರಿ ಅಧ್ಯಕ್ಷರ," ಎಂದು ಪಿಸುಗುಟ್ಟಿದ, "ನಕಾಶಿ ಬಂದ್ರ ನಮಗೂ ಒಂದ ಝೆರಾಕ್ಸ್ ಕೊಡ್ರಿ. ನಮ್ಮಲ್ಲಿದ್ದದ್ದು ಒರಲಿ ತಿಂದು ಹದಿನಾಲ್ಕ ವರ್ಷಾತು. ಪ್ರತಿ ವರ್ಷ 'ನಕಾಶೆಯನ್ನು ಪರಿಶೀಲಿಸಲಾಗಿದೆ' ಅಂತ ಬರದು ಬರದು ಕೈ ನೋಯಾಕತ್ತೈತಿ."

ಕೊಟ್ಟಿಗೆಯ ಹಿಂದೆ ನಡೆದದ್ದು ಊರಿಗೆ ಕೇಳಿಸಲಿಲ್ಲ, ಕಾಣಿಸಿತು ಅಷ್ಟೇ. ಸಾಹೇಬನನ್ನೇ ಬುಟ್ಟಿಗೆ ಹಾಕಿಕೊಂಡಿದ್ದಾನೆ ಎಂದು ಎರಡನೆಯ ಗಡಿಗೆ ಬೆಣ್ಣೆ ಬಂತು.

ಈ ವೈಭವದಲ್ಲಿ ಪಾಲು ತೆಗೆದುಕೊಳ್ಳದೆ ಇದ್ದವಳು ಅವನ ಹೆಂಡತಿ ಕೃಷ್ಣವ್ವ. ಅವಳು ದಿನಾ ದಂಡೆಗೆ ಹೋಗಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಬರುತ್ತಿದ್ದಳು. ಹಿಂದಿನ ವರ್ಷದ ಕಲ್ಲಂಗಡಿಯ ದುಡ್ಡಿನಲ್ಲೇ ಮನೆಯ ಮಳೆಗಾಲ ಕಳೆದಿತ್ತು.

"ನಿನ್ನೆ ಉಂಡಿ ಕಟ್ಟಿದ್ರ ನಿಂದರತಿತ್ತು. ಇವತ್ತ ಒಡ್ಯಾಕತ್ತೈತಿ," ಎಂದಳು ಹದಿನಾರನೆಯ ದಿನ. "ಬೀಜ ನೆನಿ ಹಾಕಿ ಅರಿವ್ಯಾಗ ಕಟ್ಟಿಟ್ಟೇನಿ. ನಾಳೆ ಮೊಳಕಿ ಬರತಾವ. ಮೊಳಕಿ ಬಂದ ಬೀಜ ನಿಮ್ಮ ದಿಲ್ಲಿ ದಾರಿ ಕಾಯಂಗಿಲ್ಲ."

"ಅಧ್ಯಕ್ಷನ ಹೇಂತಿ ಇದ್ದಿ, ಸ್ವಲ್ಪ ಗಂಭೀರ ಇರು."

"ಯಾವುದರ ಅಧ್ಯಕ್ಷ?"

ಅಮೋಘಸಿದ್ದಪ್ಪ ಕೆಮ್ಮುತ್ತ ಎದ್ದು ಹೊರಗೆ ಹೋದ.

ಹದಿನೇಳನೆಯ ದಿನ ಪೋಸ್ಟ್‌ಮನ್ ಹಜರತಸಾಬ ಬಂದ. ಸೈಕಲ್ಲಿನ ಮೇಲೆ ಕೂಸಿನ ಹಾಗೆ ಎದೆಗವಚಿಕೊಂಡ ದೊಡ್ಡ ಕಂದು ಪಾಕೀಟು, ಅದರ ಮೇಲೆ ಗುಂಡನೆಯ ಮುದ್ರೆ. ಅಮೋಘಸಿದ್ದಪ್ಪ ತಲೆಯ ಪಟಕಾ ಸರಿ ಮಾಡಿಕೊಂಡು ಬಾಗಿಲಲ್ಲಿ ನಿಂತ. ಸೈಕಲ್ಲು ಅವನ ಮುಂದಿನಿಂದಲೇ ಸರಿದು ಪಕ್ಕದ ಸೋಮಪ್ಪನ ಮನೆಯ ಎದುರು ನಿಂತಿತು.

"ಹಜರತಣ್ಣಾ! ಅದು ನಂದು!"

ಹಜರತಸಾಬ ಕನ್ನಡಕ ಏರಿಸಿ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದ. "ಅಧ್ಯಕ್ಷರು, ಶ್ರೀ ಮಾರುತಿ ಭಜನಾ ಮಂಡಳಿ. ಅಧ್ಯಕ್ಷ ಅಂದ್ರ ಸೋಮಣ್ಣ." ಆಮೇಲೆ ಕನಿಕರದಿಂದ ಇವನ ಕಡೆ ನೋಡಿದ. "ನೀವು ತಾಳ."

ಸೋಮಪ್ಪ ಹೊರಗೆ ಬಂದು, ಮುದ್ರೆ ನೋಡಿ, ಸಹಿ ಹಾಕಿದ. ಹನ್ನೆರಡು ವರ್ಷ ಅಧ್ಯಕ್ಷನಾಗಿದ್ದರೂ ಅವನಿಗೆ ಬಂದ ಮೊದಲ ಟಪಾಲು ಅದು.

"ನಮ್ಮ ಭಜನಿ ದಿಲ್ಲಿ ಮಟಾ ಕೇಳೇತಿ!" ಎಂದು ಕೂಗಿದ. "ಪ್ರಶಸ್ತಿನ ಇರಬೇಕು. ಇಲ್ಲಾ ಅಂದ್ರ ಒಂದು ಹೊಸಾ ಬಾಜಾ ಪೆಟಗಿ."

ತೆರೆದು ನೋಡುವ ಪಾಪಕ್ಕೆ ಅವನು ಹೋಗಲಿಲ್ಲ. ಪಾಕೀಟನ್ನು ಮಾರುತಿಯ ಗುಡಿಗೆ ಒಯ್ದು, ಕುಂಕುಮ ಹಚ್ಚಿ, ದೇವರ ಪಾದದ ಹತ್ತಿರ ಇಟ್ಟು, ಕಾಯಿ ಒಡೆಸಿದ. ಕಾಯಿಯ ನೀರು ಸರ್ಕಾರಿ ಮುದ್ರೆಯ ಮೇಲೆ ಹರಿಯಿತು. ಗುಡಿಯ ಅಂಗಳದಲ್ಲಿ ಊರೆಲ್ಲ ಸೇರಿತು. ಮೊಮ್ಮಗನ ಕೈ ಹಿಡಿದುಕೊಂಡು ಸೋಮಪ್ಪನ ತಾಯಿ ಕೆಂಪವ್ವ ಕೂಡ ಬಂದು ಕಂಬಕ್ಕೊರಗಿ ಕುಳಿತಳು. ಎಂಬತ್ತು ದಾಟಿದ ಮುದುಕಿ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು.

ಈಗ ಸುಮ್ಮನಿದ್ದರೆ ನಕಾಶೆ ವೈರಿಯ ಪಾಲು. ಬಾಯಿ ಬಿಟ್ಟರೆ ಮಾನ ಊರಿನ ಪಾಲು. ಅಮೋಘಸಿದ್ದಪ್ಪ ನಕಾಶೆಯನ್ನು ಆರಿಸಿಕೊಂಡ.

"ಸೋಮಣ್ಣ, ಅದು ಪ್ರಶಸ್ತಿ ಅಲ್ಲ. ನಾ ತರಿಸಿದ ನಕಾಶಿ."

"ನಿನ್ನ ಹೆಸರು ಎಲ್ಲೈತಿ ಇದರ ಮ್ಯಾಲ?"

"ಅಧ್ಯಕ್ಷ ಅಂತ ಐತಲ್ಲ... ಅದು ನಾನ."

ಅಂಗಳವೆಲ್ಲ ಅವನ ಕಡೆ ತಿರುಗಿತು. ಮಾರುತಿಯೂ ಇವನ ಕಡೆಗೇ ನೋಡುತ್ತಿದ್ದಂತೆ ಕಂಡಿತು.

"ಯಾವಾಗ ಆದೀ?" ಎಂದು ಸೋಮಪ್ಪ ಮೆಲ್ಲಗೆ ಕೇಳಿದ.

"ಒಂದ ದಿವಸದ ಮಟ್ಟಿಗೆ. ಸವದತ್ತ್ಯಾಗ."

ಹೆಣ್ಣುಮಕ್ಕಳ ಕಡೆಯಿಂದ ಒಂದು ನಗು ಎದ್ದು ಸೆರಗಿನಲ್ಲಿ ಮುಚ್ಚಿಹೋಯಿತು. "ಹಂಗಾದ್ರ ಆ ಬೆಣ್ಣಿ ಯಾರ ಹೆಸರಿಗೆ ತಿಂದಿ, ಸಿದ್ದಪ್ಪಾ?" ಎಂದು ಬನ್ನಿಗಿಡದ ಕಡೆಯವನೊಬ್ಬ ಕೇಳಿದ. ಯಾರು ಯಾರು ಬೆಣ್ಣೆ ಕೊಟ್ಟಿದ್ದರು ಎಂಬುದು ಆಗ ಹೊರಬಿತ್ತು. ಅದರದೇ ಬೇರೆ ಜಗಳ ಹತ್ತಿಕೊಳ್ಳುವುದರಲ್ಲಿತ್ತು. ಅಷ್ಟರಲ್ಲಿ ಕೃಷ್ಣವ್ವ ಒದ್ದೆ ಅರಿವೆಯ ಗಂಟು ಹಿಡಿದುಕೊಂಡು ಜನರ ನಡುವೆ ಬಂದು ನಿಂತಳು. ಗಂಟಿನ ಸಂದಿಯಿಂದ ಬಿಳಿ ಮೊಳಕೆಗಳು ಇಣುಕುತ್ತಿದ್ದವು.

"ಅಧ್ಯಕ್ಷ ಯಾರರ ಆಗ್ರಿ. ಪಾಕೀಟ ಒಡೀರಿ. ಇವು ಸಾಯಾಕತ್ತಾವ."

ಇಂಗ್ಲಿಷ್ ಓದಿ ಅರ್ಥ ಹೇಳಲು ಬರುವವಳು ಊರಲ್ಲಿ ಒಬ್ಬಳೇ, ಬೈಲಹೊಂಗಲದಲ್ಲಿ ಬಿ.ಎ. ಮುಗಿಸಿ ಸೋಮಪ್ಪನ ಸೊಸೆಯಾಗಿ ಬಂದ ಉಮಾಶ್ರೀ. ಸೊಸೆ ಮಾವನ ಕಡೆಗೆ ಓದಿಯಾಳು ಎಂಬ ಅಂಜಿಕೆಗೆ ಅವಳನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿ, ಮಾರುತಿಯ ಮೇಲೆ ಆಣೆ ಮಾಡಿಸಿ, ಕಾಗದ ಕೊಟ್ಟರು. ಅವಳು ಹದಿನಾಲ್ಕು ಪುಟ ತಿರುವಿದಳು. ನಕಾಶೆ ಬಿಚ್ಚಿದಳು. ಎಲ್ಲರ ತಲೆಗಳೂ ಅದರ ಮೇಲೆ ಬಾಗಿದ್ದರಿಂದ ಯಾರಿಗೂ ಏನೂ ಕಾಣಿಸಲಿಲ್ಲ.

"ಎಲ್ಲೈತಿ ನಮ್ಮೂರು?" ಎಂದು ಅಮೋಘಸಿದ್ದಪ್ಪ ಕೇಳಿದ.

"ಇಲ್ಲಿ ನೋಡ್ರಿ ಮಾವಾರ, ಈ ಚುಕ್ಕಿ." ಅದು ಎಳ್ಳಿಗಿಂತ ಸಣ್ಣದಿತ್ತು.

"ಮತ್ತ ನನ್ನ ಎಂಟು ಮಾರು?"

"ಈ ಗೆರಿ ಐತಲ್ರಿ, ಇದು ನೀರಿನ ದಂಡಿ. ಇದರ ದಪ್ಪದಾಗ ನಿಮ್ಮ ಎಂಟ ಮಾರಲ್ಲ, ಎರಡೂ ಹೊಲಾ, ಈ ಗುಡಿ, ಬನ್ನಿಗಿಡ ಎಲ್ಲಾ ಮುಳಗ್ಯಾವ್ರಿ."

ಅಣೆಕಟ್ಟು ಒಮ್ಮೆ ಮುಳುಗಿಸಿದ್ದನ್ನು ಪ್ರೊಫೆಸರರ ಪೆನ್ನು ಎರಡನೆಯ ಸಲ ಮುಳುಗಿಸಿತ್ತು. ಹದಿನೇಳು ದಿನ ಕೈ ಕಟ್ಟಿ ನಿಂತವರೆಲ್ಲ ಅಮೋಘಸಿದ್ದಪ್ಪನ ಕಡೆಗೆ ತಿರುಗಿದರು. ಹೊಸ ಚಪ್ಪಲಿಯನ್ನೂ ಬಿಟ್ಟೇ ಓಡಬೇಕೆಂದುಕೊಂಡು ಅವನು ಅಂಗಳದ ಬಾಗಿಲು ಎಲ್ಲಿದೆಯೆಂದು ನೋಡುತ್ತಿದ್ದ.

"ತಡೀರಿ," ಎಂದಳು ಉಮಾಶ್ರೀ. "ಕಡೀಕ ಸಣ್ಣ ಅಕ್ಷರದಾಗ ಏನೋ ಐತಿ. ಉಪಕಾರ ಸ್ಮರಣೆ ಅಂತ." ಅವಳು ಬೆರಳಿಟ್ಟು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು. "'ಹಳೆಯ ಗರಡಿಮನೆಯ ಹೊಸ್ತಿಲಗಲ್ಲಿನ ಜಾಗವನ್ನು ತೋರಿಸಿ, ಅದರ ಸುತ್ತಲಿನ ಹೂಳನ್ನು ಅಳೆಯಲು ನೆರವಾದ, ಹನ್ನೊಂದು ದಿನ ಬುತ್ತಿ ಕಟ್ಟಿಕೊಟ್ಟ ಗ್ರಾಮದ ಶ್ರೀಮತಿ ಕೆಂಪವ್ವ ಅವರಿಗೆ ಲೇಖಕ ಋಣಿ.'" ತಲೆ ಎತ್ತಿದಳು. "ಅಜ್ಜೀ, ಇದು ನೀವ!"

ಊರೆಲ್ಲ ಕಂಬದ ಕಡೆ ತಿರುಗಿತು. ಕೆಂಪವ್ವ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾವಕಾಶ ಸರಿಸಿದಳು.

"ಟೊಪಗಿ ಸಾಹೇಬ," ಎಂದಳು. "ಕೆಂಪಗ, ಎತ್ತರಕ ಇದ್ದ. ಎರಡೆರಡ ರೊಟ್ಟಿ ಹೆಚ್ಚಿಗಿ ಕೇಳಾಂವ."

"ಚಿಗವ್ವಾ," ಎಂದು ಅಮೋಘಸಿದ್ದಪ್ಪ ಹತ್ತಿರ ಬಂದ, "ಹೊಸ್ತಿಲಗಲ್ಲು ಎಲ್ಲೈತಿ ಅಂತ ನಿನಗ ಗೊತ್ತೈತಿ?"

"ಗೊತ್ತಿಲ್ದ ಏನು? ಮದುವ್ಯಾಗಿ ಬಂದಾಗಿಂದ ಗರಡಿ ಹುಡುಗರಿಗೆ ಹಾಲು ಹೊತ್ತಾಕಿ ನಾನ. ಬನ್ನಿಗಿಡದ ಬೊಡ್ಡಿಗೆ ಬೆನ್ನ ಕೊಟ್ಟು, ಗುಡ್ಡದ ತುದಿಗೆ ಮುಖಾ ಮಾಡಿ ಎಪ್ಪತ್ತಾರ ಹೆಜ್ಜಿ."

"ಯವ್ವಾ, ಮತ್ತ ಹದಿನೇಳ ದಿನಾ ಯಾಕ ಸುಮ್ಮನಿದ್ದಿ?" ಎಂದು ಸೋಮಪ್ಪ ಹಣೆ ಬಡಿದುಕೊಂಡ.

"ನನ್ನ ಯಾರು ಕೇಳಿದ್ರಿ? ನೀವು ದಿಲ್ಲಿ ಕೇಳಾಕತ್ತಿದ್ರಿ."

ಎಲ್ಲರೂ ದಂಡೆಗೆ ಇಳಿದರು. ಮುದುಕಿ ಬೊಡ್ಡೆಗೆ ಬೆನ್ನು ಕೊಟ್ಟು ಹೆಜ್ಜೆ ಎಣಿಸಿದಳು. ಈಗಿನ ಮೊಣಕಾಲಿಗೆ ಆಗಿನ ಹೆಜ್ಜೆ ಬರುವುದಿಲ್ಲವೆಂದು ಅರವತ್ತರ ನಂತರ ಮೂರನ್ನು ಕೂಡಿಸಿಕೊಂಡಳು. ನಿಂತು ಕೋಲು ಊರಿ, "ಅಗೀರಿ" ಎಂದಳು. ಮೂರು ಮೊಳ ಅಗೆದಾಗ ಗುದ್ದಲಿ ಟಣ್ ಎಂದಿತು.

ಕಲ್ಲು ಅಮೋಘಸಿದ್ದಪ್ಪ ಹೇಳಿದಲ್ಲಿ ಇರಲಿಲ್ಲ. ಸೋಮಪ್ಪ ಹೇಳಿದಲ್ಲಿಯೂ ಇರಲಿಲ್ಲ. ಸೋಮಪ್ಪ ಬಡಿಗೆ ಊರಿದ್ದಕ್ಕಿಂತ ಎರಡು ಮಾರು ಈಚೆ, ಅಮೋಘಸಿದ್ದಪ್ಪನ ಹೊಲದ ಒಳಗೇ ಇತ್ತು. ಎಂಟು ಮಾರು ಗಳಿಸಲು ದಿಲ್ಲಿಯ ತನಕ ಹೋದವನು ಇದ್ದ ಎರಡು ಮಾರನ್ನೂ ಕಳೆದುಕೊಂಡಿದ್ದ. ಅವತ್ತೇ ಸೋಮಪ್ಪನಿಗೆ 'ಹೂಂ' ಅಂದಿದ್ದರೆ ಅವು ಉಳಿಯುತ್ತಿದ್ದವು. ಅವನು ಕಲ್ಲನ್ನು ನೋಡಿದ. ಕೃಷ್ಣವ್ವ ಅವನನ್ನು ನೋಡಿದಳು. ಕಲ್ಲಿನ ಕಡೆ ನೋಡುವುದೇ ಅವನಿಗೆ ಸುಖವೆನಿಸಿತು.

"ಆ ಎರಡ ಮಾರು ಸಿದ್ದಗ ಇರಲಿ, ಬಿಡು," ಎಂದಳು ಕೆಂಪವ್ವ ಮಗನಿಗೆ.

"ಯಾಕ ಬಿಡಬೇಕು? ಸುಳ್ಳ ಅಧ್ಯಕ್ಷಗ?"

"ಸುಳ್ಳ ಅಧ್ಯಕ್ಷ ಆದ್ರ ಏನಾತು, ನನ್ನ ಹೆಸರು ಛಾಪಿಸಿದ ಕಾಗದಾ ತರಿಸ್ಯಾನ. ನೀ ಹನ್ನೆರಡ ವರ್ಷ ಖರೆ ಅಧ್ಯಕ್ಷ ಆಗಿ ಏನು ತರಸಿದೀ?" ಆಮೇಲೆ ಕೋಲನ್ನು ಅಮೋಘಸಿದ್ದಪ್ಪನ ಎದೆಗೆ ತಾಗಿಸಿದಳು. "ಬಿಟ್ಟಿ ಅಲ್ಲಪಾ. ಆ ಟೊಪಗಿ ಸಾಹೇಬ ಕಡೀ ದಿನಾ ನನ್ನ ಹಿತ್ತಾಳಿ ಬುತ್ತಿ ಡಬ್ಬಿ ಒಯ್ದಾಂವ, ವಾಪಸ ಕೊಟ್ಟಿಲ್ಲ. ನನ್ನ ತವರಮನೀದು. ಇಪ್ಪತ್ತ ವರ್ಷದಿಂದ ಅಂವಗ ಬೈಕೋತ ಕುಂತೇನಿ. ದಿಲ್ಲಿಂದ ಹೊಸ್ತಿಲಾ ತರಿಸಿದಾಂವಗ ಒಂದ ಡಬ್ಬಿ ಏನು ದೊಡ್ಡದು? ತರಸು."

"ತರಸ್ತೇನಿ, ಚಿಗವ್ವಾ!" ಎಂದ ಅಮೋಘಸಿದ್ದಪ್ಪ. ಆ ಮಾತು ಅವನ ಬಾಯಿಗೆ ಆಗಲೇ ರೂಢಿಯಾಗಿತ್ತು.

ಮೇಲಿನ ಹೆಂಟೆ ಒಣಗಿತ್ತು. ಒಂದು ಗೇಣು ಕೆಳಗೆ ಇನ್ನೂ ಹಸಿ ಇತ್ತು. ಅವತ್ತು ಊರಿಗೆ ಊರೇ ಮಂಡಿಯೂರಿ ಹೊತ್ತು ಮುಳುಗುವ ತನಕ ಬೀಜ ಇಟ್ಟಿತು. ಕೃಷ್ಣವ್ವನ ಗಂಟಿನಲ್ಲಿ ಅರ್ಧದಷ್ಟು ಮೊಳಕೆ ಮುರಿದಿದ್ದವು. ಸೋಮಪ್ಪನ ಮನೆಯಿಂದ ಉಮಾಶ್ರೀ ಒಂದು ಬೊಗಸೆ ಬೀಜ ತಂದು ಅವಳ ಉಡಿಗೆ ಹಾಕಿ ಹೋದಳು.

ಮರುದಿನ ಅಮೋಘಸಿದ್ದಪ್ಪ ಆಸಿಫನ ಎದುರು ಕುಳಿತಿದ್ದ. ಇದು ಲೇಖನ ತರಿಸುವ ಜಾಗ, ಪಾತ್ರೆ ತರಿಸುವ ಜಾಗವಲ್ಲ ಎಂದು ಆಸಿಫ್ ಅರ್ಧ ತಾಸು ಹೇಳಿ ಸೋತು, ಕಡೆಗೆ ಫಾರ್ಮು ತೆರೆದ. ಲೇಖಕರು: ಅದೇ ಪ್ರೊಫೆಸರ್. ಶೀರ್ಷಿಕೆ: ಹಿತ್ತಾಳೆ ಬುತ್ತಿ ಡಬ್ಬಿ. ವರ್ಷ: ಡಬ್ಬಿ ಹೋದ ಎಂಬತ್ತೈದು. ಹೆಸರಿನ ಮನೆಯಲ್ಲಿ ಈ ಸಲ ಹೆಸರನ್ನೇ ಹಾಕಿಸಿದರು, ಕೆಂಪವ್ವ ಎಂದು.

ಮೂರು ವಾರಕ್ಕೆ ಉತ್ತರ ಬಂತು. ಹಜರತಸಾಬ ಯಾರ ಕಡೆಗೂ ನೋಡದೆ ನೆಟ್ಟಗೆ ಮುದುಕಿಯ ಕಟ್ಟೆಗೆ ಒಯ್ದು ಕೊಟ್ಟ. ಉಮಾಶ್ರೀ 'ಮಾನ್ಯ ಕೆಂಪವ್ವ ಅವರೆ' ಎಂಬಲ್ಲಿಂದ ಸುರು ಮಾಡಿದಳು. ಅಮೋಘಸಿದ್ದಪ್ಪ ಗೋಡೆಯ ಈಚೆಯಿಂದ ಕಿವಿ ಹಚ್ಚಿ ಕೇಳುತ್ತ ನಿಂತ. ದಂಡೆಯ ಮೇಲೆ ಅವನ ಎರಡು ಮಾರಿನಲ್ಲಿ ಬಳ್ಳಿ ಮೂರೆಲೆ ಒಡೆದಿತ್ತು. ಡಬ್ಬಿ ಇಲ್ಲವೆಂದರೆ ಬಳ್ಳಿಯೂ ಇಲ್ಲ.

"'ತಾವು ಕೋರಿದ ಶೀರ್ಷಿಕೆ ಸದ್ಯ ನಮ್ಮ ಸಂಗ್ರಹದಲ್ಲಿ ಕಂಡುಬಂದಿಲ್ಲ. ಇತರ ಗ್ರಂಥಾಲಯಗಳಲ್ಲಿ ಹುಡುಕಲಾಗುತ್ತಿದೆ. ಒಟ್ಟು ಎಷ್ಟು ಪುಟ ಎಂಬುದನ್ನು ದಯವಿಟ್ಟು ತಿಳಿಸಿರಿ.'"

ಕೆಂಪವ್ವ ಕಾಗದವನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿ ಕೂಗಿದಳು.

"ಸಿದ್ದಾ, ಕೇಳಿದ್ಯಾ? ದೊಡ್ಡ ಮಂದಿ ನೋಡು, ಮಾನ್ಯ ಅಂದಾರ. ಎಲ್ಲಾ ಕಡೆ ಹುಡುಕಾಕತ್ಯಾರಂತ. ಅವರಿಗೆ ಬರದು ಹಾಕು: ಪುಟ ಅಂತ ನೀವು ಅನ್ನತೀರಿ, ನಾವು ಖಾನಿ ಅಂತೇವಿ, ಮೂರ ಅದಾವ. ಮ್ಯಾಲಿಂದು ಚಟ್ನೀದು. ಅದರ ಮುಚ್ಚಳ ಸ್ವಲ್ಪ ಸಡ್ಲ ಐತಿ, ಹುಷಾರಿಲೆ ಹಿಡಿರಿ ಅನ್ನು."